ಅರ್ಧ ಬುಟ್ಟಿ ಔಡಲ

“ಗುರುಗಳೇ, ಹಾಳು ಮಾಡುವವರ ಕೈಗೆ ಸಾಮಾನು ಕೊಡುವುದು ಪಾಪವಲ್ಲವೇ?”

ಕೇಳಿದವನು ರಾಚಯ್ಯ. ಮಠದ ಅಡುಗೆಮನೆ, ಉಗ್ರಾಣ ಎರಡೂ ಅವನ ವಶದಲ್ಲಿದ್ದವು. ಅವನ ಕೈಯಲ್ಲಿ ಒಂದು ಹಿಡಿ ಜೋಳ ಚೆಲ್ಲಿದ್ದನ್ನು, ಒಂದು ಸೌಟು ಸಾರು ಹಳಸಿದ್ದನ್ನು ಈಚಿನ ವರ್ಷಗಳಲ್ಲಿ ಯಾರೂ ಕಂಡಿರಲಿಲ್ಲ. ಹದಿನೈದು ದಿನದ ಹಿಂದೆ, ಹೊಲಮನೆಯನ್ನು ಮಗನಿಗೆ ಒಪ್ಪಿಸಿ ಬಂದ ನಲವತ್ತೈದರ ಮನುಷ್ಯನೊಬ್ಬ ಮಠ ಸೇರಿದ್ದ. ಗುರುಗಳು ಅವನನ್ನು ಅಡುಗೆಮನೆಗೆ ಕಳಿಸಿದ್ದರು. ಅವನು ಬಡಿದ ರೊಟ್ಟಿ ಹರಿಯುತ್ತಿತ್ತು, ಹರಿಯದೆ ಉಳಿದದ್ದು ಸೀಯುತ್ತಿತ್ತು. ರಾಚಯ್ಯ ತಡೆಯುವಷ್ಟು ತಡೆದ. ಆ ದಿನ ಬೆಳಗ್ಗೆ ಅವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ನೀರು ಸೇದಲು ಅಟ್ಟಿದ್ದ. ಆ ಮನುಷ್ಯ ಒಂದು ಮಾತೂ ಆಡದೆ ಕೊಡ ಎತ್ತಿಕೊಂಡು ಹೋದ. ಅದು ರಾಚಯ್ಯನಿಗೆ ಎಲ್ಲೋ ಚುಚ್ಚಿತು. ಅದಕ್ಕೇ ಬಂದು ಕೂತಿದ್ದ.

“ಪಾಪವೋ ಪುಣ್ಯವೋ ನನಗೇನು ಗೊತ್ತು ಮಾರಾಯ,” ಎಂದರು ಗುರುಗಳು. “ನೀನು ಕೇಳುವುದಕ್ಕೆಲ್ಲಿ ಬಂದಿದ್ದೀ? ನನ್ನ ಬಾಯಿಂದ ‘ಹೌದು’ ಅನ್ನಿಸಿಕೊಂಡು ಹೋಗುವುದಕ್ಕೆ ಬಂದಿದ್ದೀ. ಇರಲಿ, ಕೂತುಕೋ. ಒಂದು ಮನೆಯ ಸಂಗತಿ ಹೇಳುತ್ತೇನೆ.”

ಹೀಗೆಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗೃಹಿಣಿ. ಸಾವಂತ್ರವ್ವ ಎಂದು ಹೆಸರು. ಸಂತೆಯಿಂದ ಅವಳ ಮನೆಗೆ ಬರುತ್ತಿದ್ದುದು ಉಪ್ಪು ಒಂದೇ. ಉಳಿದದ್ದೆಲ್ಲ ಹೊಲದಿಂದ, ಹಿತ್ತಲಿನಿಂದ, ಅವಳ ಎರಡು ಕೈಗಳಿಂದ. ಪುಂಡಿ ಬೆಳೆದರೆ ಎಲೆ ಪಲ್ಯಕ್ಕಾಯಿತು, ತೊಗಟೆ ನಾರಾಗಿ ಹಗ್ಗಕ್ಕಾಯಿತು, ಉಳಿದ ಕಡ್ಡಿ ಒಲೆಗಾಯಿತು. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ, ಕಾಳಿಗೆ ಹುಳ ಬೀಳದ ಹಾಗೆ ಬೆರೆಸುವುದಕ್ಕೆ. ಸೀರೆ ಹರಿದರೆ ಕೌದಿ. ಕೌದಿ ಹರಿದರೆ ಬಿಸಿ ಗಡಿಗೆ ಇಳಿಸುವ ಅರಿವೆ. ಅದೂ ಹರಿದರೆ ದೀಪದ ಬತ್ತಿ. ಆ ಮನೆಯಲ್ಲಿ ಕೆಲಸವಿಲ್ಲದ ವಸ್ತು ಹುಡುಕಿದರೂ ಸಿಗುತ್ತಿರಲಿಲ್ಲ. ತಿಪ್ಪೆಗೆ ಹೋಗುವುದಕ್ಕೂ ಅವಳ ಅಪ್ಪಣೆಯಾಗಬೇಕು! ನೀನು ನೋಡಿದ್ದರೆ ಕಾಲಿಗೆ ಬೀಳುತ್ತಿದ್ದೆ ರಾಚಯ್ಯ.

ಅದರಲ್ಲೂ ಔಡಲೆಣ್ಣೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಔಡಲ ಎಂದರೆ ಹರಳು. ಬದುವಿನಲ್ಲಿ ಬೆಳೆದ ಹರಳನ್ನು ಬಿಡಿಸಿ, ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಬೇಕು. ಎಣ್ಣೆ ಮೇಲಕ್ಕೆ ತೇಲುತ್ತದೆ, ಸೌಟಿನಲ್ಲಿ ಎತ್ತಿಕೊಳ್ಳಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಹುರಿಯುವುದರಲ್ಲಿ ಎಲ್ಲ ಇದೆ. ಕಡಿಮೆ ಹುರಿದರೆ ಎಣ್ಣೆ ಬಿಡುವುದಿಲ್ಲ, ಹೆಚ್ಚು ಹುರಿದರೆ ಕಪ್ಪಾಗಿ ನಾರುತ್ತದೆ. ಸಾವಂತ್ರವ್ವ ತೆಗೆದ ಎಣ್ಣೆಗೆ ಜೇನಿನ ಬಣ್ಣ. ಓಣಿಯಲ್ಲಿ ಮಗು ಹುಟ್ಟಿತೆಂದರೆ ಎರೆಯುವುದಕ್ಕೆ ಅವಳ ಮನೆಯಿಂದಲೇ ಎಣ್ಣೆ ಹೋಗಬೇಕು.

ಮಗನ ಮದುವೆಯಾಯಿತು. ನಿಂಬೆವ್ವ ಎಂಬುವಳು ಸೊಸೆಯಾಗಿ ಬಂದಳು. ತಾಯಿ ಇಲ್ಲದ ಹುಡುಗಿ, ಚಿಕ್ಕಪ್ಪನ ಮನೆಯಲ್ಲಿ ಕಳೆ ಕೀಳುತ್ತ ಬೆಳೆದವಳು. ರೊಟ್ಟಿ ಬಡಿಯುವುದು, ಸಾರು ಕಾಯಿಸುವುದು ಬಿಟ್ಟರೆ ಮನೆಯ ಕಸುಬು ಏನೂ ತಿಳಿಯದು. ಕಲಿಯುವ ಆಸೆ ಮಾತ್ರ ಬೆಟ್ಟದಷ್ಟಿತ್ತು. ಬಂದ ಎಂಟು ದಿನಕ್ಕೇ ಅತ್ತೆಯ ಪಕ್ಕ ಹಗ್ಗ ಹೊಸೆಯಲು ಕೂತಳು. ಹಗ್ಗ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಂತು.

“ಬಿಡವಾ, ನಾರು ಹಾಳಾಗತೈತಿ. ಇತ್ತ ಕೊಡು, ನಾ ಮಾಡತೀನಿ,” ಎಂದಳು ಸಾವಂತ್ರವ್ವ.

ಗದರಿದ್ದಲ್ಲ, ಅಕ್ಕರೆಯಿಂದಲೇ ಅಂದದ್ದು. ಮುಂದೆ ನಿಂಬೆವ್ವ ಕೌದಿಗೆ ಸೂಜಿ ಹಾಕಿದಳು, ಹೊಲಿಗೆ ಸೊಟ್ಟಾಯಿತು. “ಬಿಡವಾ, ಅರಿವಿ ಹಾಳಾಗತೈತಿ.” ಔಡಲ ಹುರಿಯುತ್ತೇನೆಂದು ಬಂದಳು. “ಬಿಡವಾ.” ಆಮೇಲಾಮೇಲೆ ಅಷ್ಟು ಹೇಳುವುದೂ ಬೇಕಾಗಲಿಲ್ಲ. ಅತ್ತೆ ತಲೆಯೆತ್ತಿ ನೋಡಿದರೆ ಸಾಕು, ಸೊಸೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಯಾರು ಮಾಡಿದರೂ ಕೆಡದಂಥ ಕೆಲಸಗಳು ಅವಳ ಪಾಲಿಗೆ ಬಂದವು. ನೀರು ತಂದಳು, ಕಸ ಗುಡಿಸಿದಳು, ಬೀಸಿದಳು, ಕುಟ್ಟಿದಳು, ಎತ್ತಿಟ್ಟಳು. ಊಟಕ್ಕೆ ಕೂತರೆ ಅತ್ತೆ ಅವಳ ರೊಟ್ಟಿಗೆ ಬೆಣ್ಣೆಯನ್ನು ಒಂದು ಬೆರಳು ಹೆಚ್ಚಿಗೇ ಹಚ್ಚುತ್ತಿದ್ದಳು. ಇಂಥ ಅತ್ತೆ ಸಿಗುವುದಕ್ಕೆ ಏನು ಪುಣ್ಯ ಮಾಡಿದ್ದಳೋ ಎಂದು ಓಣಿಯವರು ನಿಂಬೆವ್ವನನ್ನು ಹೊಗಳಿದರು. ನಿಂಬೆವ್ವ ನಕ್ಕು ಕೊಡ ಎತ್ತಿಕೊಳ್ಳುತ್ತಿದ್ದಳು.

ಹನ್ನೊಂದು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ಒಂದು ಎಳೆ ನಾರು ಕೆಡಲಿಲ್ಲ, ಒಂದು ಹಿಡಿ ಔಡಲ ಸೀಯಲಿಲ್ಲ.

ಒಂದು ಬೆಳಗ್ಗೆ ಸಾವಂತ್ರವ್ವ ಹಾಸಿಗೆಯಿಂದ ಏಳಲು ಹೋದಳು. ಬಲಗೈ ಬರಲಿಲ್ಲ. ಬಲಗಾಲೂ ಬರಲಿಲ್ಲ. ಲಕ್ವ ಹೊಡೆದಿತ್ತು. ಮಾತೊಂದು ಉಳಿದಿತ್ತು, ದೇವರ ದಯೆ. ಪಡಸಾಲೆಯಲ್ಲಿ ಹೊರಸು ಹಾಕಿ ಮಲಗಿಸಿದರು. ಔಡಲೆಣ್ಣೆ ಬಿಸಿ ಮಾಡಿ ಎರಡು ಹೊತ್ತು ತಿಕ್ಕಬೇಕೆಂದು ನಾಟಿ ವೈದ್ಯ ಹೇಳಿಹೋದ. ನಿಂಬೆವ್ವ ತಿಕ್ಕಿದಳು. ಹೆತ್ತ ಮಗಳೂ ಅಷ್ಟು ಮಾಡಲಾರಳು, ಹಾಗೆ ನೋಡಿಕೊಂಡಳು. ಗಡಿಗೆಯಲ್ಲಿದ್ದ ಎಣ್ಣೆ ಮೂರು ತಿಂಗಳು ಬಂತು.

ಒಂದು ದಿನ ಸೊಸೆ ತಿಕ್ಕಲು ಕೂತಾಗ ಸಾವಂತ್ರವ್ವ ಮೂಗರಳಿಸಿದಳು. ಆ ತೋಳಿಗೆ ಏನೂ ತಿಳಿಯುತ್ತಿರಲಿಲ್ಲ, ಮೂಗಿಗೆ ತಿಳಿಯಿತು.

“ಇದು ನಮ್ಮ ಎಣ್ಣಿ ಅಲ್ಲ. ಎಲ್ಲಿಂದ ಬಂತು?”

“ಸಂತಿಯಿಂದ ತರಿಸೀನಿ ಅತ್ತಿ.”

ಸಾವಂತ್ರವ್ವ ಕತ್ತು ಹೊರಳಿಸಿ ಮನೆಯನ್ನು ನೋಡಿದಳು. ಮೂಲೆಯಲ್ಲಿ ಹೊಸ ಕಸಬರಿಗೆ ನಿಂತಿತ್ತು, ಅವಳು ಕಟ್ಟಿದ್ದಲ್ಲ. ಅಂಗಳದಲ್ಲಿ ಕರುವಿನ ಕೊರಳಿಗೆ ನೀಲಿ ಪ್ಲಾಸ್ಟಿಕ್ ಹಗ್ಗ ಬಿದ್ದಿತ್ತು.

“ಬುಟ್ಟಿತುಂಬ ಔಡಲ ಅಟ್ಟದ ಮ್ಯಾಲೆ ಐತಿ! ಪುಂಡಿ ನಾರು ತೊಲಿಗೆ ಜೋತು ಹಾಕೀನಿ! ಮೈಗಳ್ಳಿ, ನಾ ಬಿದ್ದದ್ದ ತಡ, ಮನೀನ ಸಂತಿಗೆ ಮಾರಿಬಿಟ್ಟಿಯಲ್ಲಾ!”

ನಿಂಬೆವ್ವ ಅಳಲಿಲ್ಲ. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು.

“ಮೈಗಳ್ಳತನ ಅಲ್ಲ ಅತ್ತಿ. ನಾ ಮಾಡಿದ್ರ ಹಾಳಾಗತೈತಿ. ಹಾಳು ಮಾಡಬಾರದು ಅಂತ ನೀವೇ ಕಲಿಸೀರಿ. ಈ ಮನ್ಯಾಗ ನಾ ಕಲಿತದ್ದು ಅದೊಂದೇ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ ರಾಚಯ್ಯ. ಕೊಂಕಿದ್ದರೆ ಎಷ್ಟೋ ವಾಸಿಯಿತ್ತು, ಮುದುಕಿ ನಾಲ್ಕು ಬೈದು ಹಗುರಾಗುತ್ತಿದ್ದಳು. ಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಸಾವಂತ್ರವ್ವನಿಗೆ ಎರಡು ದಿನ ಅನ್ನ ಸೇರಲಿಲ್ಲ. ತೊಲೆಗೆ ಜೋತುಬಿದ್ದ ನಾರನ್ನು ನೋಡುತ್ತ ಮಲಗಿದಳು. ಹಗ್ಗ ಹೊಸೆಯುವುದು, ಕೌದಿ ಹೊಲಿಯುವುದು, ಎಣ್ಣೆ ತೆಗೆಯುವುದು, ಕಾಳು ಕಾಯುವುದು, ಇಷ್ಟೂ ಇದ್ದದ್ದು ತನ್ನ ಬಲಗೈಯಲ್ಲಿ. ಆ ಕೈ ಈಗ ಪಕ್ಕದಲ್ಲಿ ಮರದ ತುಂಡಿನ ಹಾಗೆ ಬಿದ್ದಿದೆ. ನಾಳೆ ತಾನು ಕಣ್ಣು ಮುಚ್ಚಿದರೆ ಎಲ್ಲವೂ ತನ್ನ ಜೊತೆ ಮಣ್ಣಿಗೆ ಹೋಗುತ್ತದೆ. ಇಲ್ಲಿ ಉಳಿಯುವುದು ಸಂತೆಯ ಸಾಮಾನು. ಸೊಸೆಯದು ತಪ್ಪೆಂದುಕೊಳ್ಳಲು ಅವಳು ಬಹಳ ಹೆಣಗಿದಳು. ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಹುಡುಗಿ ಎಷ್ಟು ಸಲ ಕೈ ಚಾಚಿದ್ದಳು ಎಂಬುದು ಒಂದೊಂದಾಗಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಮೂರನೆಯ ಬೆಳಗ್ಗೆ ಕರೆದಳು.

“ನಿಂಬೆವ್ವ, ಅಟ್ಟದ ಮ್ಯಾಲಿಂದ ಔಡಲ ಇಳಿಸು. ನನ್ನ ಕಣ್ಣಿಗೆ ಕಾಣೂ ಹಂಗ ಅಂಗಳದಾಗ ಒಲಿ ಹೂಡು. ಹುರಿ.”

“ಹಾಳಾಗತೈತಿ ಅತ್ತಿ.”

“ಆಗಲಿ. ಹಾಳು ಮಾಡು.”

ಸೊಸೆ ನಂಬಲಾರದೆ ನಿಂತಳು. ಅತ್ತೆ ಮತ್ತೊಮ್ಮೆ ಹೇಳಿದ ಮೇಲೆ ಬುಟ್ಟಿ ಇಳಿಸಿದಳು. ಮೂರು ಕಲ್ಲು ಹೂಡಿ, ಬೆಂಕಿ ಮಾಡಿ, ಬಾಣಲೆಗೆ ಒಂದು ಸೇರು ಸುರಿದಳು.

“ಎಷ್ಟು ಹುರೀಲಿ?”

“ಘಮ ಬರೂತನಕ.”

“ಯಾವ ಘಮ ಅತ್ತಿ?”

ನಲವತ್ತು ವರ್ಷ ಸಾವಂತ್ರವ್ವನ ಮೂಗು ಬಲ್ಲ ಘಮ. ಅದು ಯಾವುದರ ಹಾಗೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. “ಹಸಿ ವಾಸನಿ ಹೋಗತೈತಿ... ಆಮ್ಯಾಲ... ಬಂದಾಗ ತಿಳೀತೈತಿ ಬಿಡು,” ಎಂದಳು. ನಿಂಬೆವ್ವ ಸೌಟು ಹಿಡಿದು ತಿರುವುತ್ತ ಕಾದಳು. ಅಷ್ಟರಲ್ಲಿ ಔಡಲ ಚಟಪಟ ಎಂದು ಕಪ್ಪು ಹೊಗೆ ಎದ್ದಿತು. ಸಾವಂತ್ರವ್ವನ ಗಂಟಲಿಗೆ ‘ಬಿಡವಾ’ ಬಂದೇಬಿಟ್ಟಿತ್ತು, ನಾಲಗೆ ಕಚ್ಚಿಕೊಂಡಳು. ನೀವೆಲ್ಲ ತಪಸ್ಸು ತಪಸ್ಸು ಅನ್ನುತ್ತೀರಲ್ಲ, ತಪಸ್ಸೆಂದರೆ ಅದಪ್ಪಾ!

“ತಿಪ್ಪಿಗೆ ಸುರುವು. ಇನ್ನೊಂದು ಸೇರು ತಗೋ,” ಎಂದಳು.

ಈ ಸಲ ಸೊಸೆ ಹೆದರಿ ಬೇಗ ಇಳಿಸಿದಳು. ಕುಟ್ಟಿ ಸಂಜೆಯವರೆಗೆ ಕುದಿಸಿದರೂ ಮೇಲೆ ಬಂದದ್ದು ಬರೀ ನೊರೆ. ಅದೂ ತಿಪ್ಪೆಗೆ ಹೋಯಿತು. ಮೂರನೆಯದು, ನಾಲ್ಕನೆಯದು ಹೀಗೇ. ಒಂದು ಹಿಡಿ ಹೊಟ್ಟನ್ನೂ ಸುಮ್ಮನೆ ಚೆಲ್ಲದ ಹೆಂಗಸು ಹೊರಸಿನ ಮೇಲೆ ಮಲಗಿ, ತನ್ನ ಹೊಲದ ಔಡಲ ಸೇರುಗಟ್ಟಲೆ ತಿಪ್ಪೆ ಸೇರುವುದನ್ನು ನೋಡಬೇಕಾಯಿತು. ತಡೆಯಲಾರದಾಗ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು, ಮತ್ತೆ ಈ ಕಡೆ ಹೊರಳುತ್ತಿದ್ದಳು.

ಒಂದು ಸಲ ಮಾತ್ರ ಬಾಯಿ ತಪ್ಪಿತು. “ಬಿಡವಾ!” ಎಂದುಬಿಟ್ಟಳು. ತಕ್ಷಣ ಸೊಸೆಯ ಕೈಯಿಂದ ಸೌಟು ಕೆಳಗೆ ಬಿತ್ತು. ಹನ್ನೊಂದು ವರ್ಷದ ರೂಢಿ ನೋಡು. ಅದನ್ನು ಕಂಡು ಸಾವಂತ್ರವ್ವನ ಕಣ್ಣಲ್ಲಿ ನೀರು ಬಂತು. “ಬಾಯಿ ತಪ್ಪಿ ಬಂತವಾ. ಹಿಡಿ, ಸೌಟು ಹಿಡಿ,” ಎಂದು ಬೇಡಿಕೊಂಡಳು.

ಐದನೆಯ ಸಲಕ್ಕೆ ಎಣ್ಣೆಯೇನೋ ಬಂತು. ಇದ್ದಿಲಿನಷ್ಟು ಕಪ್ಪು, ಹೊಗೆಯ ನಾತ. ಪಕ್ಕದ ಮನೆಯವಳು ಮೂಗಿಗೆ ಸೆರಗು ಹಿಡಿದು ಬಂದು ಇಣುಕಿ ಹೋದಳು. ಸೊಸೆ ಅದನ್ನೂ ತಿಪ್ಪೆಗೆ ಒಯ್ಯುತ್ತಿದ್ದಾಗ ಅತ್ತೆ ತಡೆದಳು.

“ಇತ್ತ ತಾ. ತಿಕ್ಕು.”

“ನಾರತೈತಿ ಅತ್ತಿ.”

“ನನ್ನ ತೋಳಿಗೇನು ಮೂಗು ಐತೇನು? ತಿಕ್ಕು!”

ಇಬ್ಬರೂ ನಕ್ಕರು. ಆ ಮನೆಯಲ್ಲಿ ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲಿರಬೇಕು.

ಹೀಗೆ ಬುಟ್ಟಿ ಅರ್ಧಕ್ಕೆ ಇಳಿಯಿತು. ಒಂದು ದಿನ ಬಿಸಿಲೇರುವ ಹೊತ್ತು. ನಿಂಬೆವ್ವ ಹುರಿಯುತ್ತಿದ್ದಳು. ಸಾವಂತ್ರವ್ವನಿಗೆ ಕಣ್ಣು ಎಳೆಯುತ್ತಿತ್ತು. ಇದ್ದಕ್ಕಿದ್ದಂತೆ ಆ ಘಮ ಅವಳ ಮೂಗಿಗೆ ಬಡಿಯಿತು. ಕಣ್ಣು ತೆರೆದು, ಕೂಗಬೇಕೆಂದು ನೋಡುತ್ತಾಳೆ, ನಿಂಬೆವ್ವ ಆಗಲೇ ಬಾಣಲೆ ಇಳಿಸಿದ್ದಾಳೆ.

“ಯಾಕ ಇಳಿಸಿದಿ?”

“ಆತು ಅತ್ತಿ.”

“ಹೆಂಗ ಗೊತ್ತಾತು?”

ನಿಂಬೆವ್ವ ಬಾಣಲೆಯ ಮೇಲೆ ಬಗ್ಗಿ ಮತ್ತೊಮ್ಮೆ ಮೂಸಿದಳು.

“ಹೇಳಾಕ ಬರಂಗಿಲ್ಲ,” ಎಂದಳು.

ಸಾವಂತ್ರವ್ವ ಗೊಳೋ ಎಂದು ಅತ್ತುಬಿಟ್ಟಳು. ಏನಾಯಿತೋ ಎಂದು ಸೊಸೆ ಗಾಬರಿಯಾಗಿ ಓಡಿಬಂದಳು. ಮುದುಕಿ ಎಡಗೈಯಿಂದ ಅವಳ ಕೈ ಹಿಡಿದುಕೊಂಡು, ಹೋಗು, ಕುಟ್ಟು, ಆರಿಹೋದೀತು ಎಂದು ಅಳುತ್ತಲೇ ಹೇಳಿದಳು. ಸಂಜೆ ಗಡಿಗೆಯಲ್ಲಿ ತೇಲಿದ ಎಣ್ಣೆ ತಿಳಿಯಾಗಿತ್ತು.

ಆ ಎಣ್ಣೆ ತಿಕ್ಕಿ ಅವಳ ಕೈ ಎದ್ದಿತು ಎಂದು ನಾನು ಸುಳ್ಳು ಹೇಳಲಾರೆ. ಏಳಲಿಲ್ಲ. ಇನ್ನೂ ನಾಲ್ಕು ವರ್ಷ ಹೊರಸಿನ ಮೇಲೇ ಇದ್ದಳು. ಎಣ್ಣೆ ಆದ ಮೇಲೆ ಹಗ್ಗಕ್ಕೆ ಕೂರಿಸಿದಳು, ಹಗ್ಗದ ಮೇಲೆ ಕೌದಿಗೆ. ನಾರೂ ಹಾಳಾಯಿತು, ಅರಿವೆಯೂ ಹಾಳಾಯಿತು. ಅವಳು ಹೋದ ಮೇಲೂ ಆ ಮನೆಗೆ ಸಂತೆಯಿಂದ ಬರುತ್ತಿದ್ದುದು ಉಪ್ಪು ಒಂದೇ.

ಗುರುಗಳು ನಿಲ್ಲಿಸಿದರು. ಹೊರಗೆ ಬಾವಿಯ ಗಾಲಿ ಕಿರುಗುಟ್ಟುತ್ತಿತ್ತು. ರಾಚಯ್ಯನ ಮನಸ್ಸು ಮೆತ್ತಗಾಗಿತ್ತು. ಆದರೆ ಅವನು ಹಟದ ಮನುಷ್ಯ, ಅಷ್ಟಕ್ಕೇ ಏಳುವವನಲ್ಲ.

“ಎಲ್ಲ ಸರಿ ಗುರುಗಳೇ. ಆದರೂ ಅರ್ಧ ಬುಟ್ಟಿ ಔಡಲ ತಿಪ್ಪೆಯ ಪಾಲಾಯಿತಲ್ಲ?”

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನು ಈ ಮಠಕ್ಕೆ ಬಂದ ವರ್ಷ ದಿನಾ ಸೀಯಿಸಿ ಇಡುತ್ತಿದ್ದೆಯಲ್ಲ ರಾಚಯ್ಯ, ಆ ರೊಟ್ಟಿಗಳನ್ನೆಲ್ಲ ಯಾರು ತಿಂದರು ಎಂದುಕೊಂಡಿದ್ದೀ?”

ರಾಚಯ್ಯ ಎದ್ದು ಬಾವಿಯ ಕಡೆ ಹೋದ, ಆ ಮನುಷ್ಯನ ಕೈಯಿಂದ ಕೊಡ ಇಸಿದುಕೊಂಡು ಅವನನ್ನು ಒಲೆಯ ಮುಂದಕ್ಕೆ ಕಳಿಸಿದ.