ಅಧ್ಯಕ್ಷರು ಕಂಡ ರವಾ

ಗದಗಿನ ಫೋಟೊ ಸಂಘದ ಕತ್ತಲೆ ಕೋಣೆಯಲ್ಲಿ ಎಲ್ಲರ ಕಪ್ಪು-ಬಿಳುಪು ರೀಲು ತೊಳೆಯುವವನು ಹಸನ್‌ಸಾಬ. ಆ ವರ್ಷದ ಪ್ರದರ್ಶನಕ್ಕೆ ತಾನೂ ಒಂದು ಫೋಟೊ ಕೊಟ್ಟ. ಅಧ್ಯಕ್ಷ ನಾಡಗೌಡರು ಫೋಟೊ ನೋಡುವ ಮೊದಲೇ ಕೇಳಿದರು, "ಯಾವ ರೀಲು?"

"ಅಗ್ಗದ್ದರೀ, ಸಾಹೇಬ್ರ."

"ತಗಿ ಅತ್ಲಾಗ! ಅಗ್ಗದ ರೀಲಂದ್ರ ಫೋಟೊ ತುಂಬ ರವಾ ಚೆಲ್ಲಿದಂಗ ಕಾಳು ಕಾಳು ಕಾಣ್ತದ. ಇಲ್ಲಿ ದೊಡ್ಡ ಕಂಪನಿ ರೀಲಿನ ಫೋಟೊ ಅಷ್ಟ ತೂಗಬೇಕು."

ಹಸನ್‌ಸಾಬ ಒಳಗೆ ಹೋಗಿ, ನೀರಿನ ಕೊಡವೊಂದರ ಒಂದೇ ಥರದ ಎರಡು ಫೋಟೊ ತಂದು ಮೇಜಿನ ಮೇಲಿಟ್ಟ.

"ಇದರಾಗ ಅಗ್ಗದ್ದು ಯಾವುದು ತೋರಸ್ರಿ. ನಾನೂ ಕಲೀತೀನಿ."

ನಾಡಗೌಡರು ಕನ್ನಡಕ ಏರಿಸಿ ಎಡಗಡೆಯದರ ಮೇಲೆ ಬೆರಳಿಟ್ಟರು.

"ಇದು. ಈ ರವಾದಾಗ ಉಪ್ಪಿಟ್ಟು ಮಾಡಬಹುದು! ಬಲಗಡಿದು ನೋಡು, ಬೆಣ್ಣಿ."

ಹಸನ್‌ಸಾಬ ಜೇಬಿನಿಂದ ಒಂದು ನೆಗೆಟಿವ್ ತೆಗೆದು ಅವರ ಕೈಗಿಟ್ಟ.

"ಎರಡೂ ಇದೊಂದರಾಗಿಂದ ತಗದದ್ದರೀ. ನಿನ್ನೆ ನೀವ ತೊಳಿಯಾಕ ಕೊಟ್ಟ ದೊಡ್ಡ ಕಂಪನಿ ರೀಲು. ಮೂಲ್ಯಾಗಿನ ಕೊಡ ಅಷ್ಟ ದೊಡ್ಡದು ಮಾಡೀನಿ."

ನಾಡಗೌಡರು ನೆಗೆಟಿವನ್ನು ಬೆಳಕಿಗೆ ಹಿಡಿದರು. ನಡುವೆ ಅವರ ಅಳಿಯ, ಬೀಗರು. ಮೂಲೆಯಲ್ಲಿ ಅದೇ ಕೊಡ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಿನ್ನ ಫೋಟೊ ಎಲ್ಲಿ ತೂಗಹಾಕ್ತಿ?"

"ನಿಮ್ಮ ರವಾದ ಬಾಜೂಕರೀ, ಸಾಹೇಬ್ರ."