ಚಹಾ ಕುಡಿದ ಮೇಲೆ ಒಂದು ತಾಸು

ನಗೋ ಕತೆ ಇದು, ನಕ್ಕುಬಿಡ್ರಿ. ಶಾಂತವ್ವನ ಎದುರಿಗೆ ಮಾತ್ರ ನಗಬೇಡ್ರಿ. ಅವಳಿಗೆ ಇರೋನು ಒಬ್ಬನೇ ಮಗ, ದ್ಯಾಮಣ್ಣ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇವನ ಕಾಟಕ್ಕೆ ಆ ಮನೆ ಹೊಸ್ತಿಲು ತುಳಿಯೋರೇ ಇರಲಿಲ್ಲ. ಶಾಂತವ್ವನ ತಮ್ಮ ಬಸಲಿಂಗನೂ ಯಾವುದೋ ಮಾತಿಗೆ ಮುನಿಸಿಕೊಂಡು ಹೋಗಿ ಹತ್ತು ವರ್ಷವಾಗಿತ್ತು.

ಆ ತಮ್ಮನಿಂದ ಒಂದು ದಿನ ಗ್ರೀನ್ ಟೀ ಪೊಟ್ಟಣ ಬಂತು, ಜೊತೆಗೊಂದು ಚೀಟಿ. ರಕ್ತ ಕಡಿಮೆಯೆಂದು ಶಾಂತವ್ವನನ್ನು ನೋಡಲು ಬಂದಿದ್ದ ನರ್ಸಬಾಯಿ ಎರಡನ್ನೂ ಓದಿದಳು.

"ನಿಮ್ಮ ತಮ್ಮ ರವಿವಾರ ಬರ್ತಾನಂತ! ಇದು ಹಸರ ಎಲಿ ಚಾ. ಕೊಬ್ಬಿಲ್ಲ, ಸಕ್ಕರಿ ಇಲ್ಲ, ಹಾಲು ಹಾಕಬ್ಯಾಡ್ರಿ."

ಹಸರ ಎಲಿ ಅಂದಳಲ್ಲ! ದ್ಯಾಮಣ್ಣ ತೊಗರಿಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದ. ಬಾಯಿಗಿಟ್ಟ ಶಾಂತವ್ವನಿಗೆ ವಿಷದಂಥ ಕಹಿ.

"ಅಯ್ಯ ನನ್ನ ಕರ್ಮ! ಬಿಸಿನೀರಾಗ ಎರಡು ನಿಮಿಷ ಬಿಟ್ಟು ಸೋಸಬೇಕೋ! ಎಲಿ ಚೆಲ್ಲಬೇಕು, ನೀರು ಕುಡೀಬೇಕು!"

"ಹೂಂ ಯವ್ವಾ, ಎಲಿ ಚೆಲ್ಲಬೇಕು, ನೀರು ಕುಡೀಬೇಕು."

ಮರುದಿನ ನರ್ಸಬಾಯಿ, ರಕ್ತಕ್ಕೆ ಒಳ್ಳೇದು ಅಂತ ರಾಜಗಿರಿ ಸೊಪ್ಪು ತಂದುಕೊಟ್ಟಳು. ದ್ಯಾಮಣ್ಣ ಬಿಸಿನೀರಿಗೆ ಹಾಕಿದ, ಎರಡು ನಿಮಿಷ ಬಿಟ್ಟ, ಸೋಸಿದ. ಸೊಪ್ಪು ಎಮ್ಮೆಗೆ ಹೋಯಿತು, ನೀರು ಅವ್ವನಿಗೆ ಬಂತು.

ನರ್ಸಬಾಯಿಯೇ ಬೈದಳು. "ಹುಚ್ಚಪ್ಪಾ, ರಕ್ತಕ್ಕ ಬೇಕಾದ ಕಬ್ಬಿಣ ಸೊಪ್ಪಿನಾಗ ಐತಿ! ಊಟದ ಜೋಡಿ ಆ ಚಾ ಕುಡದ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ. ಚಾ ಕುಡದು ಒಂದು ತಾಸು ಊಟದ ಹತ್ರ ಹೋಗಬ್ಯಾಡ್ರಿ. ತಿಳೀತಾ?"

"ಹೂಂ ಬಾಯಾರ, ಒಂದು ತಾಸು ಊಟದ ಹತ್ರ ಹೋಗಬಾರದು."

ರವಿವಾರ ಬಂತು. ಶಾಂತವ್ವ ಹೋಳಿಗೆ ಮಾಡಿದಳು. ಹತ್ತು ವರ್ಷದ ಮೇಲೆ ಆ ಮನೆಯಲ್ಲಿ ಮೂರು ತಾಟು ಇಟ್ಟಳು. ತಮ್ಮ ಕಳಿಸಿದ ಚಹಾನೇ ಥರ್ಮಾಸಿಗೆ ತುಂಬಿ ಮಗನ ಕೈಗೆ ಕೊಟ್ಟಳು.

"ಮಾಮಾ ಬಸ್ಸಿಳಿದ ಕೂಡ್ಲೆ ಇದನ್ನ ಕುಡಿಸು. ಆಮ್ಯಾಲೆ ಕರಕೊಂಡು ಬಾ."

ಬಸಲಿಂಗ ಇಳಿದ, ಚಹಾ ಕುಡಿದ, ಚೀಲ ಹೆಗಲಿಗೇರಿಸಿದ. ದ್ಯಾಮಣ್ಣ ಅಡ್ಡ ನಿಂತ.

"ಈಗ ಮನಿಗೆ ಬರಂಗಿಲ್ಲ ಮಾಮಾ. ಅಲ್ಲಿ ಊಟ ಐತಿ. ನೀ ಅದರ ಹತ್ರ ಹೋಗಬಾರದು."

"ಹಂಗಂತ ಯಾರು ಹೇಳ್ಯಾರ? ಅಕ್ಕಗ ಗೊತ್ತೈತೇನು?"

"ಗೊತ್ತೈತಿ ಮಾಮಾ. ಅವ್ವನ ಎದುರಿಗೇ ಹೇಳ್ಯಾರ."

ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡ ಬಸಲಿಂಗ. ಬಂದ ಬಸ್ಸು ಮುಂದಿನ ಊರು ಮುಟ್ಟಿ ತಿರುಗಿ ಬರುವ ತನಕ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತ, ಬಂದಾಗ ಹತ್ತಿ ಹೋದ. ಥರ್ಮಾಸಿನ ತಳದಲ್ಲಿ ಉಳಿದಿದ್ದ ಚಹಾ ದ್ಯಾಮಣ್ಣ ಕುಡಿದ.

ಮನೆಗೆ ಬಂದು ನಡೆದದ್ದೆಲ್ಲ ಹೇಳಿದ. ಬೈಗುಳಕ್ಕೆ ಕಾದು ನಿಂತ. ಶಾಂತವ್ವ ಬೈಯಲಿಲ್ಲ. ಮೂರು ತಾಟಿನ ಮುಂದೆ ಒಬ್ಬಳೇ ಕೂತಿದ್ದಳು.

"ಮುಂದಿನ ಸಲ ಹೆಂಗ ಮಾಡ್ಲಿ ಯವ್ವಾ?"

"ಮುಂದ ಬರೋರು ಯಾರದಾರೋ?" ಅಂದಳು. ಕಣ್ಣೊರೆಸಿಕೊಂಡಳು. "ಒಳಗ ಬಾ. ನೀನರೆ ನನ್ನ ಜೋಡಿ ಉಣ್ಣು ಬಾ."

ದ್ಯಾಮಣ್ಣ ಗಾಬರಿಯಾಗಿ ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

"ನಾನೂ ಈಗ ಚಾ ಕುಡದೀನಿ ಯವ್ವಾ! ಇನ್ನೂ ತಾಸಾಗಿಲ್ಲ!"