ಗಂಟಿನಕಣಿವೆ

ಮುತ್ತುಗದಹಟ್ಟಿಯ ಪಡುವಣಕ್ಕೆ ಎರಡು ಕಲ್ಲುಗುಡ್ಡಗಳಿವೆ. ಅವುಗಳ ನಡುವಿನ ಸಂದಿಗೆ ಗಂಟಿನಕಣಿವೆ ಎಂದು ಹೆಸರು. ಕಣಿವೆಯ ಬಾಯಲ್ಲೇ ಮೊಣಕಾಲಾಳದ ಗುಂಡಿಗಳು ಎಡವಿಸುತ್ತವೆ. ಹೆಸರು ಕೇಳಿ, ಯಾರೋ ಪಾಳೆಯಗಾರ ಹಣದ ಗಂಟು ಹೂತಿಟ್ಟಿದ್ದಾನೆಂದು ನಂಬಿದ ಪರಸ್ಥಳದವರು ಅಗೆದ ಗುಂಡಿಗಳು ಅವು. ಇದು ಹಣದ ಗಂಟಲ್ಲ, ಹುಲ್ಲಿನ ಗಂಟು ಎಂದು ಊರಿನ ಹಿರಿಯರು ಹೇಳುತ್ತಲೇ ಇದ್ದಾರೆ. ಅಗೆಯುವವರು ಅಗೆಯುತ್ತಲೇ ಇದ್ದಾರೆ.

ಹಿಂದೆ ಒಮ್ಮೆ, ಈ ಊರಲ್ಲಿ ಹತ್ತಿಪ್ಪತ್ತು ಗುಡಿಸಲುಗಳಷ್ಟೇ ಇದ್ದಾಗ, ಗಾದ್ರಿಬೋರನೆಂಬ ಬೇಡನಿದ್ದನು ಎನ್ನುತ್ತಾರೆ. ಹಂದಿ, ಮೊಲಗಳಿಗೆ ಉರುಲು ಒಡ್ಡುವುದು ಅವನ ಕಸುಬು. ಉರುಲಿಟ್ಟ ಜಾಡಿನ ಮೊದಲಲ್ಲಿ ಎರಡೂ ಬದಿಯ ಹುಲ್ಲನ್ನು ಸೇರಿಸಿ ಗಂಟು ಹಾಕುವುದು ಅವನ ಹಿರಿಯರಿಂದ ಬಂದ ಕಟ್ಟಳೆ. ಮುಂದೆ ಉರುಲಿದೆ, ಹಿಂದಿರುಗು ಎಂದು ಅದರ ಅರ್ಥ. ನಡೆಯಲು ಕಲಿತ ಮಗುವಿಗೂ ಅದು ಗೊತ್ತಿತ್ತು. ಒಂದು ಬೇಸಿಗೆಯಲ್ಲಿ ಅವನ ಹೆಂಡತಿ ಸೂರಮ್ಮನಿಗೆ ಜ್ವರ ಏರಿತು. ಮದ್ದು ಕೊಡುವ ಪಂಡಿತನಿದ್ದದ್ದು ಗುಡ್ಡದಾಚೆಯ ಬಿಳಿಕಲ್ಲು ಎಂಬ ಊರಿನಲ್ಲಿ. ಗುಡ್ಡಸಾಲನ್ನು ಸುತ್ತಿ ಹೋಗಲು ಗಾಡಿಗೆ ಎರಡು ದಿನ ಬೇಕು. ಎರಡನೆಯ ದಿನ ಮಧ್ಯಾಹ್ನ, ಬಿಳಿಕಲ್ಲು ಕಣ್ಣಿಗೆ ಬೀಳುವ ಮೊದಲೇ, ಗಾಡಿಯಲ್ಲೇ ಅವಳ ಉಸಿರು ನಿಂತಿತು.

ಮಣ್ಣು ಮಾಡಿ ಬಂದವನು ಉರುಲುಗಳನ್ನು ಅಟ್ಟಕ್ಕೆಸೆದು ಗುಡ್ಡ ಹೊಕ್ಕನು. ಇನ್ನೊಬ್ಬರ ಮನೆಯವರು ಹೀಗೆ ಹಾದಿಯಲ್ಲಿ ಸಾಯಬಾರದೆಂಬುದೊಂದೇ ಅವನ ಹಟ. ಕರಡಿ, ಹಂದಿಗಳ ಜಾಡು ಹಿಡಿದು ಮೂರು ಬೇಸಿಗೆ ಅಲೆದಮೇಲೆ ಈ ಕಣಿವೆ ಸಿಕ್ಕಿತು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬಿಳಿಕಲ್ಲು. ಜನ ದಾರಿ ತಪ್ಪದಿರಲೆಂದು ಅವನು ಉದ್ದಕ್ಕೂ ಹುಲ್ಲಿಗೆ ಗಂಟು ಹಾಕುತ್ತ ಬಂದನು. ಅವನ ಕೈಗೆ ಬರುತ್ತಿದ್ದ ಗುರುತು ಅದೊಂದೇ. ಮರುದಿನ ದಾರಿ ನೋಡಲು ಬಂದ ಊರಿಗೆ ಊರೇ ಮೊದಲ ಗಂಟಿನ ಬಳಿ ನಿಂತುಬಿಟ್ಟಿತು.

“ಏನ್ಲಾ ಬೋರ, ಮೊಲ ಸಾಲ್ದು ಅಂತ ನಮಗೇ ಉರುಲಿಟ್ಟೀಯಾ?” ಎಂದನು ಊರ ಯಜಮಾನ ಚಿತ್ತಯ್ಯ.

“ದಾರಿ ತೋರ್ಸಾಕೆ ಕಟ್ಟಿದ್ದು ಕಣಣ್ಣಾ. ಉರುಲಿಲ್ಲ.”

“ನಾನು ನಂಬ್ತೀನಪ್ಪ. ನನ್ ಕಾಲು ನಂಬ್ಬೇಕಲ್ಲ!”

ಬೋರ ಎರಡು ದಿನ ಬಗ್ಗಿ ಬಗ್ಗಿ ಅಷ್ಟೂ ಗಂಟು ಬಿಚ್ಚಿದನು. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. “ಗಂಟೇನೋ ಬಿಚ್ಚಿದೆ, ಉರುಲು ಬಿಚ್ಚಿದ್ಯಾ? ಈಗ ಅದು ಎಲ್ಲೈತೆ ಅಂತಾನೂ ತಿಳಿಯಾಕಿಲ್ಲ” ಎಂದನು ಚಿತ್ತಯ್ಯ. “ಹಾಕಿದ್ರೆ ತಾನೆ ಬಿಚ್ಚಾದು!” ಎಂದು ಕೂಗಿ ಬೋರ ರುಮಾಲನ್ನು ನೆಲಕ್ಕೆ ಬಡಿದನಂತೆ.

ಮರುವರ್ಷ ಚಿತ್ತಯ್ಯನ ಸೊಸೆಗೇ ಅಂಥ ಜ್ವರ ಬಂತು. ಸುತ್ತುದಾರಿಗೆ ಗಾಡಿ ಹೂಡಿದಾಗ ಬೋರ ಎತ್ತುಗಳಿಗೆ ಅಡ್ಡ ನಿಂತನು. “ಗಾಡಿ ಬ್ಯಾಡ. ನಾನು ಮುಂದೆ ನಡೀತೀನಿ, ನಾನು ಕಾಲಿಟ್ಟಲ್ಲೇ ನೀವೂ ಇಡ್ರಿ. ಉರುಲಿದ್ರೆ ಮೊದ್ಲು ನನ್ ಕಾಲೇ ಸಿಗ್ಲಿ” ಎಂದನು. ಕಂಬಳಿಯ ಜೋಲಿಯಲ್ಲಿ ಹೊತ್ತು ಅವನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋದರು. ಹುಡುಗಿ ಬದುಕಿದಳು. ಇನ್ನಾದರೂ ಕಣಿವೆಯೊಳಗೆ ಗಾಡಿ ಬಿಟ್ಟಾರೆಂದು ಅವನು ಕಾದನು. ಯಾರೂ ಬಿಡಲಿಲ್ಲ. ಅವಸರ ಬಿದ್ದವರು ಅವನ ಬಾಗಿಲಿಗೆ ಬಂದು “ಮುಂದೆ ನಡಿಯಪ್ಪ” ಎನ್ನುತ್ತಿದ್ದರು. ಮೊಣಕಾಲು ಸೋಲುವವರೆಗೂ ಅವನು ನಡೆದನು.

ಎರಡು ಗಾಡಿ ಎದುರುಬದುರಾಗಿ ಸರಿದುಹೋಗುವಷ್ಟು ಅಗಲ ಆ ಕಣಿವೆಗಿದೆ. ಆದರೆ ಹೋದವರಿಗೆ ಕಾಣುವುದು ಬಂಡೆಯ ಮೇಲೂ ಸವೆದು ನುಣುಪಾದ, ಒಂದೇ ಪಾದದಗಲದ ಜಾಡು. ಊರಿನವರು ಇಂದಿಗೂ ಅದರ ಮೇಲೆ ಒಬ್ಬರ ಹಿಂದೊಬ್ಬರು ನಡೆಯುತ್ತಾರೆ. ಎರಡೂ ಬದಿಯ ಹುಲ್ಲು ತುಳಿತವಿಲ್ಲದೆ ಸೊಂಟದೆತ್ತರ ನಿಂತಿರುತ್ತದೆ.